ಡಿಲೀಟ್ ಒತ್ತಿದ್ರೆ ಹೋಯ್ತಾ?

ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಬಂದವರಿಗೆ ಇದು ಗೊತ್ತು. ಗರ್ಭಗುಡಿಯ ಮುಂದೆ ನಿಂತ್ರೆ ಕಾಣೋದು ಪೂರ್ವಕ್ಕೆ ಮುಖ ಮಾಡಿದ ಸುಬ್ರಹ್ಮಣ್ಯ ಸ್ವಾಮಿ. ಅದೇ ಕಲ್ಲಿನ ಹಿಂದೆ ಪಶ್ಚಿಮಕ್ಕೆ ಮುಖ ಮಾಡಿ ನರಸಿಂಹ ಸ್ವಾಮಿ ಇದ್ದಾನೆ. ಹಿಂದೆ ಇಟ್ಟಿರುವ ಕನ್ನಡಿಯಲ್ಲಿ ನೋಡಿದ್ರೆ ಮಾತ್ರ ಆತನ ದರ್ಶನ. ಕಣ್ಣಿಗೆ ನೇರವಾಗಿ ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ.

ಈ ಮಾತು ಯಾಕೆ ಬಂತು ಅಂದ್ರೆ, ಕಳೆದ ಸಲ ದರ್ಶನ ಮುಗಿಸಿ ವಾಪಸ್ ಬರುವಾಗ ದಾರಿಯಲ್ಲಿ ಟೀ ಕುಡಿಯೋಕೆ ನಿಂತಿದ್ದೆ. ಪಕ್ಕದಲ್ಲೇ ಒಂದು ಜೆರಾಕ್ಸ್ ಅಂಗಡಿ. ಮಾಲೀಕರು ಹಳೇ ಕಂಪ್ಯೂಟರನ್ನು ಗುಜರಿಯವನ ತಕ್ಕಡಿಗೆ ಇಡ್ತಾ ಇದ್ರು. ಕೆ.ಜಿ. ಲೆಕ್ಕದ ವ್ಯಾಪಾರ.

“ಒಳಗಿದ್ದಿದ್ದೆಲ್ಲಾ ಏನಾಯ್ತು ಯಜಮಾನ್ರೇ?” ಅಂದೆ.

“ಎಲ್ಲಾ ಡಿಲೀಟ್ ಮಾಡಿದೀನಿ ಸಾರ್. ರೀಸೈಕಲ್ ಬಿನ್ನೂ ಖಾಲಿ.”

ಅವರು ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನ ಅಂದುಕೊಂಡಿರೋದೂ ಇದೇ. ಆದ್ರೆ ಆ ಡಬ್ಬದೊಳಗೆ ಏನಿತ್ತು ಯೋಚನೆ ಮಾಡಿ. ಸುತ್ತಮುತ್ತಲ ಹಳ್ಳಿಯವರ ಆಧಾರ್ ಕಾರ್ಡು, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮಕ್ಕಳ ಮಾರ್ಕ್ಸ್ ಕಾರ್ಡು, ಸಹಿ ಮಾಡಿದ ಅರ್ಜಿ. ಇದರಲ್ಲಿ ಒಂದೂ ಅಂಗಡಿಯವರದ್ದಲ್ಲ. ಎಲ್ಲಾ ನಂಬಿ ಕೊಟ್ಟವರದ್ದು.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ನೆನಪಿಸಿಕೊಳ್ಳಿ. ಯಾವ ಕಡತ ಯಾವ ಬೀರುವಿನಲ್ಲಿದೆ ಅಂತ ಬಾಗಿಲ ಬಳಿ ಒಂದು ರಿಜಿಸ್ಟರ್ ಇರುತ್ತೆ. ಅದರಲ್ಲಿ ಒಂದು ಸಾಲು ಹೊಡೆದು ಹಾಕಿದ್ರೆ ಕಡತ ಮಾಯ ಆಗುತ್ತಾ? ಬೀರುವಿನಲ್ಲೇ ಧೂಳು ಹಿಡಿದು ಕೂತಿರುತ್ತೆ. ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಮಾಡೋದು ರಿಜಿಸ್ಟರಿನ ಸಾಲನ್ನು ಮಾತ್ರ. ಕ್ವಿಕ್ ಫಾರ್ಮ್ಯಾಟ್ ಅಂದ್ರೆ ಇಡೀ ರಿಜಿಸ್ಟರನ್ನೇ ಬದಲಾಯಿಸಿದ ಹಾಗೆ. ಆ ಜಾಗಕ್ಕೆ ಹೊಸ ಕಡತ ಬಂದು ಕೂರೋ ತನಕ ಹಳೇದು ಅಲ್ಲೇ. ಅದನ್ನು ಹುಡುಕಿ ತೆಗೆಯೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ ಸ್ವಾಮಿ. ಪೊಲೀಸರಿಗೂ ಸಿಗುತ್ತೆ, ಕಳ್ಳನಿಗೂ ಸಿಗುತ್ತೆ.

2003ರಲ್ಲಿ ಅಮೆರಿಕದ ಎಂಐಟಿಯ ಇಬ್ಬರು 158 ಹಳೇ ಡಿಸ್ಕ್ ಕೊಂಡು ತಂದು ಪರೀಕ್ಷೆ ಮಾಡಿದ ವರದಿ ಪ್ರಕಟಿಸಿದರು. ಸರಿಯಾಗಿ ಅಳಿಸಿದ್ದವು ಎಷ್ಟು? ಬರೀ 12. ಮಿಕ್ಕವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ನಂಬರುಗಳು ಸಿಕ್ಕವು. ಅದು ಹಳೇ ಕಥೆ ಅಂತೀರಾ? 2022ರಲ್ಲಿ ಮಾರ್ಗನ್ ಸ್ಟ್ಯಾನ್ಲಿ ಅನ್ನೋ ದೊಡ್ಡ ಹಣಕಾಸು ಕಂಪನಿಗೆ ಅಲ್ಲಿನ ಷೇರುಪೇಟೆ ನಿಯಂತ್ರಕರು ಮೂರೂವರೆ ಕೋಟಿ ಡಾಲರ್ ದಂಡ ಹಾಕಿದರು. ಕಾರಣ, ಹಳೇ ಕಂಪ್ಯೂಟರುಗಳನ್ನು ಸಾಮಾನು ಸಾಗಿಸೋ ಕಂಪನಿಯ ಕೈಗೆ ಕೊಟ್ಟಿದ್ದರು. ಕೊನೆಗೆ ಗ್ರಾಹಕರ ವಿವರ ಇದ್ದ ಡಿಸ್ಕುಗಳು ಆನ್‌ಲೈನ್ ಹರಾಜಿಗೆ ಬಂದವು. ಕೋಟಿಗಟ್ಟಲೆ ಗ್ರಾಹಕರಿರೋ ಕಂಪನಿಯೇ ಗುಜರಿಗೆ ಹಾಕಿ ಸಿಕ್ಕಿಬಿತ್ತು, ಜೆರಾಕ್ಸ್ ಅಂಗಡಿಯವರನ್ನು ಬೈದು ಏನು ಪ್ರಯೋಜನ?

ಹಾಗಾದ್ರೆ ಸುತ್ತಿಗೆ ತಗೊಂಡು ಎರಡು ಏಟು ಹಾಕಿದ್ರೆ? ಮೇಲಿನ ಡಬ್ಬ ನೆಗ್ಗಿದ್ರೆ ಸಾಲದು. 2003ರಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಛಿದ್ರ ಆಯ್ತಲ್ಲ, ನಮ್ಮ ಕಲ್ಪನಾ ಚಾವ್ಲಾ ತೀರಿಕೊಂಡ ಆ ದುರಂತ. ಅವಶೇಷಗಳಲ್ಲಿ ಸುಟ್ಟು ಕರಕಲಾದ ಒಂದು ಹಾರ್ಡ್ ಡಿಸ್ಕ್ ಸಿಕ್ಕಿತ್ತು. ಅದರೊಳಗಿನ ಮಾಹಿತಿಯಲ್ಲಿ ಶೇಕಡಾ 99ರಷ್ಟನ್ನು ಪರಿಣತರು ಹೊರಗೆ ತೆಗೆದರು. ಒಳಗಿನ ತಟ್ಟೆಗಳು ಚೆನ್ನಾಗಿದ್ರೆ ಮಾಹಿತಿಯೂ ಚೆನ್ನಾಗಿರುತ್ತೆ.

ಸರಿ, ಮಾಡಬೇಕಾದ್ದೇನು? ಡಿಸ್ಕ್ ತಿರುಗುವ ಹಳೇ ಜಾತಿಯದ್ದಾದ್ರೆ, ಅದರ ಮೇಲೆ ಪೂರ್ತಿ ಸೊನ್ನೆ ಬರೆಸಿ. ವಿಂಡೋಸಿನ ಫಾರ್ಮ್ಯಾಟ್‌ನಲ್ಲಿ ‘ಕ್ವಿಕ್’ ಅನ್ನೋ ಟಿಕ್ ತೆಗೆದ್ರೆ ಅದು ಬರೆಯುತ್ತೆ, ಗಂಟೆಗಟ್ಟಲೆ ಹಿಡಿಯುತ್ತೆ. ವಿಂಡೋಸ್ ಇರೋ ಡಿಸ್ಕೇ ಆದ್ರೆ ರೀಸೆಟ್ ಮಾಡುವಾಗ ‘ಕ್ಲೀನ್ ಡೇಟಾ’ ಆಯ್ಕೆ ಆನ್ ಮಾಡಿ. ಮೂವತ್ತೈದು ಸಲ ಅಳಿಸಬೇಕು ಅಂತ ಯಾರಾದ್ರೂ ಹೆದರಿಸಿದ್ರೆ ನಂಬಬೇಡಿ. 1996ರಲ್ಲಿ ಆ ಲೆಕ್ಕ ಕೊಟ್ಟ ಪೀಟರ್ ಗಟ್ಮನ್ ಅವರೇ, ಇವತ್ತಿನ ಡಿಸ್ಕಿಗೆ ಅದು ಬೇಕಿಲ್ಲ ಅಂತ ಆಮೇಲೆ ಬರೆದಿದ್ದಾರೆ. ಒಂದು ಸಲ ಪೂರ್ತಿ ಬರೆದ್ರೆ ನಮ್ಮ ನಿಮ್ಮಂಥವರಿಗೆ ಸಾಕು.

ಹೊಸ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಬೇರೆ ಥರ. ಅದು ಚಿಪ್ಪು. ಒಂದೇ ಜಾಗ ಸವೆಯದಿರಲಿ ಅಂತ, ನೀವು ಇಲ್ಲಿ ಬರಿ ಅಂದ್ರೆ ಅದು ಇನ್ನೆಲ್ಲೋ ಬರೆಯುತ್ತೆ. ಹಳೇ ಪ್ರತಿ ಒಂದು ಮೂಲೆಯಲ್ಲಿ ಉಳಿದುಬಿಡಬಹುದು. ಅದಕ್ಕೆ ಕಂಪನಿಯವರೇ ಒಳಗೆ ಇಟ್ಟಿರೋ ‘ಸೆಕ್ಯೂರ್ ಇರೇಸ್’ ಆಜ್ಞೆ ಬಳಸಬೇಕು. ಇನ್ನೂ ಸುಲಭದ ದಾರಿ, ಕೊಂಡ ದಿನವೇ ಎನ್‌ಕ್ರಿಪ್ಷನ್ ಹಾಕೋದು. ಆಗ ಒಳಗಿರೋದೆಲ್ಲಾ ಬೀಗ ಹಾಕಿದ ಅಕ್ಷರ. ಮಾರುವಾಗ ಬೀಗದ ಕೈ ಅಳಿಸಿದ್ರೆ ಮುಗೀತು. ಇತ್ತೀಚಿನ ಮೊಬೈಲುಗಳು ಫ್ಯಾಕ್ಟರಿ ರೀಸೆಟ್‌ನಲ್ಲಿ ಮಾಡೋದು ಇದನ್ನೇ. ಅಯಸ್ಕಾಂತ ಎಸ್‌ಎಸ್‌ಡಿಗೆ ಏನೂ ಮಾಡಲ್ಲ, ತಿಳ್ಕೊಳ್ಳಿ.

ಕೆಟ್ಟು ನಿಂತ ಡಿಸ್ಕಿಗೆ ಮಾತ್ರ ಡ್ರಿಲ್ಲೇ ಗತಿ. ತಟ್ಟೆಗಳ ಮೂಲಕ ನಾಲ್ಕೈದು ತೂತು ಕೊರೆಸಿ. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ಗಾಜು, ಸಿಡಿಯುತ್ತೆ, ಕಣ್ಣು ಜೋಪಾನ. ಎಸ್‌ಎಸ್‌ಡಿ ಆದ್ರೆ ಪ್ರತಿ ಚಿಪ್ಪೂ ಪುಡಿಯಾಗಬೇಕು. ಬೆಂಕಿಗೆ ಮಾತ್ರ ಹಾಕಬೇಡಿ, ಆ ಹೊಗೆ ವಿಷ.

ಆಮೇಲೆ ಅದನ್ನು ಕೊಡೋದು ಯಾರಿಗೆ? ಇದೇ ಜಿಲ್ಲೆಯ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ 2005ರಲ್ಲೇ ‘ಇ-ಪರಿಸರ’ ಶುರುವಾಯ್ತು. ಸರ್ಕಾರದ ಅನುಮತಿ ಪಡೆದ ದೇಶದ ಮೊದಲ ಇ-ತ್ಯಾಜ್ಯ ಘಟಕ ಅದು. ಘಾಟಿಯಿಂದ ದೊಡ್ಡಬಳ್ಳಾಪುರಕ್ಕೆ ಬಂದು, ಅಲ್ಲಿಂದ ನೇರ ರಸ್ತೆ. ಕಚೇರಿ, ಸೊಸೈಟಿ, ಆಸ್ಪತ್ರೆಯವರು ಇಂಥ ಅಧಿಕೃತ ಘಟಕಕ್ಕೇ ಕೊಡಬೇಕು, ಡಿಸ್ಕ್ ನಾಶ ಮಾಡಿದ್ದಕ್ಕೆ ಸರ್ಟಿಫಿಕೇಟ್ ಕೇಳಿ ಪಡೀಬೇಕು. 2023ರಲ್ಲಿ ಸಂಸತ್ತು ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ, ಕೆಲಸ ಮುಗಿದ ಮೇಲೆ ಜನರ ಮಾಹಿತಿ ಅಳಿಸಿ ಅಂತಲೇ ಹೇಳುತ್ತೆ.

ಇಷ್ಟೂ ಪುರಾಣವನ್ನು ಟೀ ಆರೋ ಅಷ್ಟರಲ್ಲಿ ಯಜಮಾನ್ರಿಗೆ ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, ಒಳಗಿಂದ ಸ್ಕ್ರೂ ಡ್ರೈವರ್ ತಂದ್ರು. ಡಬ್ಬ ಬಿಚ್ಚಿ ಡಿಸ್ಕ್ ಈಚೆ ತೆಗೆದು ಗಲ್ಲಾಪೆಟ್ಟಿಗೆಯೊಳಗೆ ಇಟ್ಕೊಂಡ್ರು. ಉಳಿದದ್ದು ಮತ್ತೆ ತಕ್ಕಡಿಗೆ ಹೋಯ್ತು.

ಗುಜರಿಯವನು ಮುಳ್ಳು ನೋಡಿ ನನ್ನ ಕಡೆ ತಿರುಗಿದ. “ಅರ್ಧ ಕೆ.ಜಿ. ಕಮ್ಮಿ ಆಯ್ತಲ್ಲಾ ಸಾರ್” ಅಂದ.