ಪದವನ್ನು ಒಡೆದು ನೋಡುವ ಆಟ

1913ನೆಯ ಇಸವಿಯ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಎಂಬಾತನು ಪ್ರಕಟಿಸಿದ ಪದಬಂಧವು ಇಂದು ನಮ್ಮ ಮನೆಗಳ ವಿನೋದವೂ ಆಗಿದೆ. ಅದರಲ್ಲಿ ಗೂಢಸೂಚನೆಯ ಬಗೆಯೇ ಬೇರೆ. ಸೂಚನೆಯ ಒಂದು ಭಾಗವು ಅರ್ಥವನ್ನು ತಿಳಿಸಿದರೆ, ಇನ್ನೊಂದು ಪದವನ್ನು ಕಟ್ಟುವ ಕ್ರಮವನ್ನು ತಿಳಿಸುತ್ತದೆ.

ವಾಚಕರಿಗಾಗಿ ನಾವು ಒಂದನ್ನು ಕಟ್ಟಿದ್ದೇವೆ: “ಮಲ್ಲಿಗೆಯ ಮುಂದೆ ಆ ಪಟ್ಟಣ, ಪಂಚಗಂಗಾವಳಿಯ ದಡದಲ್ಲಿದೆ (4 ಅಕ್ಷರ).” ಮಲ್ಲಿಗೆಯ ಒಂದು ಜಾತಿಗೆ ಕುಂದವೆಂದು ಹೆಸರು, ಪಟ್ಟಣವೆಂದರೆ ಪುರ. ನಡುವೆ ಸುಮ್ಮನೆ ಬಂದಂತೆ ಕಾಣುವ ‘ಆ’ಕಾರವನ್ನು ಬಿಡಬಾರದು. ಕುಂದ, ಆ, ಪುರ: ಸ್ವರಗಳೆರಡು ಕೂಡಿ ದೀರ್ಘವಾಗಲು ‘ಕುಂದಾಪುರ’ವಾಯಿತು! ಇದು ಆಟದ ಪದಚ್ಛೇದವೇ ಹೊರತು ಊರಿನ ಇತಿಹಾಸವಲ್ಲ; ಹೆಸರು ಕುಂದೇಶ್ವರ ದೇವಾಲಯದಿಂದ ಬಂದುದೆಂದು ಹೇಳುವುದುಂಟು.

ಇಂಗ್ಲಿಷಿನಲ್ಲಿ ಬಿಡಿ ಅಕ್ಷರಗಳನ್ನು ಅದಲುಬದಲು ಮಾಡಿದರೂ ಆಟ ನಡೆದೀತು. ಕನ್ನಡದಲ್ಲಿ ಮನೆಯೊಂದಕ್ಕೆ ಗುಣಿತಸಹಿತವಾದ ಪೂರ್ಣಾಕ್ಷರವೊಂದು. ಆದುದರಿಂದ ಸಂಧಿಯನ್ನು ಬಿಡಿಸಬಲ್ಲವರಿಗೇ ಇಲ್ಲಿ ಗೆಲವು. ತಾಳಮದ್ದಳೆಯ ಅರ್ಥಧಾರಿಯು ಪದವನ್ನು ಮುರಿದು ಎರಡರ್ಥ ಹೊರಡಿಸುವುದನ್ನು ಕೇಳಿ ಬೆಳೆದ ಕುಂದಾಪುರದ ಕಡೆಯವರಿಗೆ ಈ ವಿದ್ಯೆ ಹೊಸದಲ್ಲ.

ವ್ಯಾಕರಣವೆಂದರೆ ಹೆದರುವ ಮಕ್ಕಳನ್ನು ಒಮ್ಮೆ ಈ ಆಟಕ್ಕೆ ಕರೆದು ನೋಡಿರಿ. ಸೂತ್ರವನ್ನು ಒಪ್ಪಿಸಲಾರದವರೂ ಸಂಧಿಯನ್ನು ಬಿಡಿಸಿಯಾರು.