ಸಂಪಿಗೆಯ ಬೀದಿ, ಬೇವಿನ ಬೀದಿ

ಬೆಂಗಳೂರಿನ ಮಲ್ಲೇಶ್ವರದಲ್ಲಿ ಒಂದರ ಪಕ್ಕದಲ್ಲಿ ಒಂದಾಗಿ ಎರಡು ದೊಡ್ಡ ರಸ್ತೆಗಳು ಸಾಗುತ್ತವೆ. ಒಂದಕ್ಕೆ ಸಂಪಿಗೆಯ ಹೆಸರು. ಇನ್ನೊಂದಕ್ಕೆ ಮಾರ್ಗೋಸಾ ಎಂದು ಹೆಸರು. ಇಂಗ್ಲಿಷಿನಲ್ಲಿ ಹಾಗೆಂದರೆ ನಮ್ಮ ಬೇವಿನ ಮರವೇ. ಪರಿಮಳದ ಬೀದಿಯನ್ನೂ ಕಹಿಯ ಬೀದಿಯನ್ನೂ ಅಕ್ಕಪಕ್ಕದಲ್ಲಿ ಹಾಸಿದವರು ಯುಗಾದಿಯ ಬೇವುಬೆಲ್ಲವನ್ನು ನೆನೆದೇ ಹಾಗೆ ಮಾಡಿದರೆಂದು ನಾನು ಹೇಳಲಾರೆ. ಆದರೆ ಇಲ್ಲಿ ಹತ್ತು ವರ್ಷ ಸಂಸಾರ ಹೂಡಿದ ಯಾವ ಗೃಹಸ್ಥನೂ ಆ ಹೆಸರುಗಳು ತಕ್ಕವಾಗಿವೆಯೆಂದು ಒಪ್ಪದಿರಲಾರನು. ನೆರೆಹೊರೆಯ ಸುಖವೂ ಕಿರುಕುಳವೂ ಬೇರೆ ಬೇರೆ ಬಾಗಿಲುಗಳಿಂದ ಬರುವುದಿಲ್ಲ. ಬಹುಮಟ್ಟಿಗೆ ಎರಡನ್ನೂ ತಂದು ಕೊಡುವವರು ಅದೇ ಜನರು.

ಕಾಡು ಮಲ್ಲೇಶ್ವರನ ಗುಡಿಯಿಂದ ಹೆಸರು ಪಡೆದ ಈ ಬಡಾವಣೆಯನ್ನೂ ಅದರ ಜೊತೆಯ ಬಸವನಗುಡಿಯನ್ನೂ ಕಟ್ಟುವ ಏರ್ಪಾಡು ನಡೆದುದು ೧೮೯೦ರ ದಶಕದಲ್ಲಿ. ೧೮೯೮ರಲ್ಲಿ ಪ್ಲೇಗುಮಾರಿಯು ಬೆಂಗಳೂರನ್ನು ಹೊಕ್ಕಿತು. ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ, ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಇದ್ದವರು ಗಾಳಿಬೆಳಕುಗಳನ್ನು ಅರಸಿ ಹೊರಬಿದ್ದರು. ಹೊಸ ಬಡಾವಣೆಗಳು ತುಂಬತೊಡಗಿದುವು. ನೂಲು ಹಿಡಿದು ಗೆರೆ ಎಳೆದಂತಿರುವ ಅಡ್ಡರಸ್ತೆಗಳು, ಮನೆಗೂ ಮನೆಗೂ ನಡುವೆ ಗಾಳಿಯಾಡುವಷ್ಟು ಎಡೆ, ಮುಂದೆ ನಾಲ್ಕು ಹೂಗಿಡ, ಹಿತ್ತಿಲಲ್ಲಿ ಒಂದೆರಡು ತೆಂಗು, ಇವೆಲ್ಲ ಆ ಕಾಲದ ಅಂಜಿಕೆಯು ನಮಗೆ ಬಿಟ್ಟುಹೋದ ಆಸ್ತಿ. ಮನೆಗಳ ಬೆನ್ನಿಗೆ ಒಂದು ಸಣ್ಣ ಗಲ್ಲಿಯನ್ನೂ ಬಿಟ್ಟಿದ್ದರು. ಅದು ಏಕೆಂದು ಇಂದಿನ ಮಕ್ಕಳಿಗೆ ತಿಳಿಯದು. ಮನೆಮನೆಯ ಮಲವನ್ನು ಹೊತ್ತು ಸಾಗಿಸುತ್ತಿದ್ದ ಜನರು ಮುಂಬಾಗಿಲಿನವರ ಕಣ್ಣಿಗೆ ಬೀಳದೆ ಬಂದು ಹೋಗಲೆಂದು ಮಾಡಿದ ದಾರಿ ಅದು. ಒಳಚರಂಡಿ ಬಂದ ಮೇಲೆ ಗಲ್ಲಿಗೆ ಕೆಲಸ ತಪ್ಪಿತು. ಕೆಲವೆಡೆ ಅಕ್ಕಪಕ್ಕದವರು ಅದನ್ನು ಸದ್ದಿಲ್ಲದೆ ನುಂಗಿಕೊಂಡರು, ಕೆಲವೆಡೆ ಗೋಡೆಗಳಿಗೆ ಬಣ್ಣದ ಚಿತ್ರ ಬರೆದರು. ಹಿಂದಿನ ಕಾಲವೆಲ್ಲ ಅಪ್ಪಟ ಚಿನ್ನವೆಂದು ಹೊಗಳುವವರನ್ನು ಆ ಗಲ್ಲಿಯಲ್ಲಿ ಐದು ನಿಮಿಷ ನಿಲ್ಲಿಸಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿರುವುದುಂಟು.

ಸುಖವನ್ನೇ ಮೊದಲು ಹೇಳೋಣ. ಬೆಳಗಿನ ಆರು ಗಂಟೆಯ ಅಡ್ಡರಸ್ತೆಯನ್ನು ನೋಡದವನು ಬೆಂಗಳೂರನ್ನು ನೋಡಿದಂತಾಗಲಿಲ್ಲ. ಗೇಟಿನ ಕೊಂಡಿಗೆ ತೂಗುಹಾಕಿದ ಚೀಲದಲ್ಲಿ ಹಾಲಿನ ಪ್ಯಾಕೆಟ್ಟುಗಳು. ನೀರು ಚಿಮುಕಿಸಿದ ಬಾಗಿಲ ಮುಂದೆ ಬಾಗಿ ಚುಕ್ಕಿ ಇಡುತ್ತಿರುವ ಗೃಹಿಣಿ. ಉಣ್ಣೆಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ವೇಗವಾಗಿ ನಡೆಯುವ ನಿವೃತ್ತ ಅಧಿಕಾರಿಗಳು. ಯುಗಾದಿಯ ಹೊತ್ತಿಗೆ ಹೊಂಗೆಯ ಹೂವು ಉದುರಿ, ಗುಡಿಸಿದಷ್ಟೂ ಮತ್ತೆ ಉದುರಿ, ರಸ್ತೆಯ ಮೇಲೆ ಅರಳು ಚೆಲ್ಲಿದಂತೆ ಕಾಣುವುದು. ಗುಡಿಸುವಾಕೆಗೆ ಮಾತ್ರ ಅದು ಅರಳಲ್ಲ, ಎರಡು ಬುಟ್ಟಿ ಹೆಚ್ಚಿನ ಕೆಲಸ.

ಎಂಟನೆಯ ಅಡ್ಡರಸ್ತೆಯ ಸಂತೆಯ ವಿಷಯ ಬಲ್ಲವರಿಗೆ ಹೇಳಬೇಕಾದುದಿಲ್ಲ. ಗೌರಿಹಬ್ಬದ ಹಿಂದಿನ ದಿನ ಅಲ್ಲಿ ಬಾಳೆಕಂದು, ಮಾವಿನ ಸೊಪ್ಪು, ಸೇವಂತಿಗೆ, ಮರದ ಬಾಗಿನಗಳ ನಡುವೆ ನುಸುಳಿ ಹೊರಬಂದವನ ಜೇಬು ಹಗುರವಾಗಿದ್ದರೂ ಮುಖ ಕಳೆಯಾಗಿರುತ್ತದೆ. ಹೂವನ್ನು ಅಲ್ಲಿ ಇಂದಿಗೂ ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ. ಯಾರ ಮೊಣಕೈಯೆಂಬುದನ್ನು ಯಾವ ಕಾನೂನೂ ಗೊತ್ತುಮಾಡಿಲ್ಲ. ನಮ್ಮ ಮನೆಯಾಕೆ ಉದ್ದ ತೋಳಿನ ಮಾರುವವಳನ್ನು ದೂರದಿಂದಲೇ ಗುರುತಿಸಬಲ್ಲಳು.

ಇನ್ನು ಅವರೆಕಾಯಿಯ ಕಾಲ. ಮಾಗಿಯ ಚಳಿಯಲ್ಲಿ ಸೊಗಡಿನ ಅವರೆ ಬಂತೆಂದರೆ ಬೀದಿಯ ಉದ್ದಕ್ಕೂ ಒಂದೇ ವಾಸನೆ, ಒಂದೇ ಕೆಲಸ. ಕಾಯಿ ಸುಲಿದು, ಕಾಳನ್ನು ನೆನೆಹಾಕಿ, ಒಂದೊಂದನ್ನೇ ಹಿದುಕಿ ಬೇಳೆ ತೆಗೆಯುವುದು ಒಬ್ಬರ ಕೈಯಿಂದ ಆಗುವ ಮಾತಲ್ಲ. ಅದಕ್ಕೆ ನಾಲ್ಕು ಜೊತೆ ಕೈ ಬೇಕು, ಒಂದು ಜಗಲಿ ಬೇಕು, ಮಾತನಾಡಲು ಅಲ್ಲಿಲ್ಲದ ಐದನೆಯವರೊಬ್ಬರು ಬೇಕು. ಸಾರು ಕುದಿದ ಮೇಲೆ ಒಂದು ಬಟ್ಟಲು ಕಾಂಪೌಂಡಿನ ಗೋಡೆಯನ್ನು ದಾಟಿ ಆಚೆಗೆ ಹೋಗುವುದು. ಬಂದ ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಹೆಂಗಸರ ಶಾಸ್ತ್ರ. ಆದುದರಿಂದ ಅದು ಎರಡು ದಿನ ಬಿಟ್ಟು ಕೋಡುಬಳೆಯನ್ನೋ ಉಪ್ಪಿನಕಾಯಿಯನ್ನೋ ಹೊತ್ತು ಮರಳಿ ಬರುವುದು. ಈ ಸಾಲವು ಎಂದಿಗೂ ತೀರುವುದಿಲ್ಲ, ತೀರಕೂಡದು ಕೂಡ. ಆದರೆ ಬಟ್ಟಲಿನೊಡನೆ ಒಂದು ಪ್ರಶ್ನೆಯೂ ಬರುತ್ತದೆ: "ಏನಮ್ಮಾ, ನಿಮ್ಮ ಮಗನಿಗೆ ಇನ್ನೂ ಎಲ್ಲೂ ಹೆಣ್ಣು ಗೊತ್ತಾಗಲಿಲ್ಲವೆ?" ಸಾರನ್ನು ತೆಗೆದುಕೊಂಡು ಪ್ರಶ್ನೆಯನ್ನು ಹೊರಗೆ ನಿಲ್ಲಿಸುವ ಉಪಾಯವನ್ನು ನಾನು ಇದುವರೆಗೆ ಕಂಡಿಲ್ಲ.

ಕಿರುಕುಳಗಳಲ್ಲಿ ಚಿಲ್ಲರೆಯಾದವು ಹಲವು. ಹೆಸರಾಂತ ದೋಸೆಯನ್ನು ತಿನ್ನಲು ಬರುವ ಮಹನೀಯರು ತಮ್ಮ ಕಾರನ್ನು ನಮ್ಮ ಗೇಟಿಗೆ ಅಡ್ಡವಾಗಿ ನಿಲ್ಲಿಸಿ ಹೋಗುವರು. ಕೇಳಿದರೆ "ಎರಡೇ ನಿಮಿಷ" ಎನ್ನುವರು. ದೋಸೆಗಾಗಿ ಅರ್ಧ ಗಂಟೆ ಕಾಯುವುದು ಅವರಿಗೆ ಗೊತ್ತು, ನಮಗೂ ಗೊತ್ತು. ಧ್ವನಿವರ್ಧಕದ ಕಥೆ ಇನ್ನೂ ದೊಡ್ಡದು. ಭಾರತ ಸರ್ಕಾರವು ೨೦೦೦ದಲ್ಲಿ ಮಾಡಿದ ನಿಯಮದಂತೆ ವಾಸದ ಪ್ರದೇಶದಲ್ಲಿ ಶಬ್ದವು ಹಗಲಿನಲ್ಲಿ ೫೫, ರಾತ್ರಿಯಲ್ಲಿ ೪೫ ಡೆಸಿಬೆಲ್ ಮೀರಕೂಡದು; ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ಗಣಪತಿಗೆ ಈ ನಿಯಮ ತಿಳಿದಿರಬಹುದು, ಅವನ ಪೆಂಡಾಲಿನವರಿಗೆ ತಿಳಿದಂತಿಲ್ಲ. ಅಣ್ಣಮ್ಮನ ಉತ್ಸವದ ವಾದ್ಯಗೋಷ್ಠಿ, ನವೆಂಬರ್ ತಿಂಗಳ ಉದ್ದಕ್ಕೂ ಬೀದಿಗೊಂದು ದಿನದಂತೆ ನಡೆಯುವ ರಾಜ್ಯೋತ್ಸವ, ಇವೂ ಇವೆ. ಕನ್ನಡದ ಹಬ್ಬಕ್ಕೆ ಕಿವಿ ಮುಚ್ಚಿಕೊಂಡನೆಂಬ ಅಪವಾದಕ್ಕೆ ಅಂಜಿ ನಾನು ಅದರ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ.

ಕಸದ ಪಾಠವನ್ನು ಬೆಂಗಳೂರು ೨೦೧೨ರಲ್ಲಿ ಕಲಿಯಿತು. ಆ ವರ್ಷ ಮಾವಳ್ಳಿಪುರದ ಕಸದ ಗುಡ್ಡೆಗೆ ಬಾಗಿಲು ಬಿದ್ದು, ನಗರದ ಮೂಲೆಮೂಲೆಗಳಲ್ಲಿ ಕೊಳೆಯ ರಾಶಿ ಬೆಳೆಯಿತು. ಅದುವರೆಗೆ ನಾವು ಬಿಸುಟದ್ದು ಯಾವುದೋ ಹಳ್ಳಿಯವರ ಮೂಗಿನ ಕೆಳಗೆ ಬೀಳುತ್ತಿದ್ದಿತು. ಹಿಂದಿನ ಗಲ್ಲಿಯೇ ಹತ್ತಾರು ಮೈಲಿ ಉದ್ದವಾಗಿತ್ತು ಎನ್ನಿರಿ. ಈಗ ಹಸಿ ಕಸ, ಒಣ ಕಸ ಎಂದು ಬೇರೆ ಮಾಡಿ ಇಟ್ಟು, ಹಾಡು ಹಾಕಿಕೊಂಡು ಬರುವ ಕಸದ ಆಟೋವಿಗೆ ಕೊಡುತ್ತೇವೆ. ಆದರೂ ಕತ್ತಲಾದ ಮೇಲೆ ಮೂಲೆಯ ಕಂಬದ ಬುಡದಲ್ಲಿ ಒಂದು ಪೊಟ್ಟಣ ತಾನಾಗಿ ಹುಟ್ಟುವುದುಂಟು. ಅಂಥ ಜಾಗವನ್ನು ಗುಡಿಸಿ ದೊಡ್ಡದಾಗಿ ರಂಗೋಲಿ ಹಾಕಿಬಿಡುವುದು ನಗರದಲ್ಲಿ ಹಲವೆಡೆ ಕಂಡುಕೊಂಡ ಉಪಾಯ. ದಂಡಕ್ಕೆ ಬಗ್ಗದವನೂ ರಂಗೋಲಿಯ ಮೇಲೆ ಕಸ ಎಸೆಯಲು ಒಂದು ಗಳಿಗೆ ಹಿಂದುಮುಂದು ನೋಡುವನು.

ನೀರಿನದು ಮಿಶ್ರರಾಗ. ಈ ಊರಿಗೆ ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲ. ೧೮೯೦ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದಿತು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಬಂದಿತು. ೧೯೭೪ರಲ್ಲಿ ಕಾವೇರಿಯೇ ಬಂದಳು. ಸುಮಾರು ೧೦೦ ಕಿಲೋಮೀಟರು ದೂರದಿಂದ, ಸುಮಾರು ೫೦೦ ಮೀಟರು ಎತ್ತರಕ್ಕೆ ಪಂಪಿನಿಂದ ಏರಿಸಿಕೊಂಡು ತಂದ ನೀರಿನಲ್ಲಿ ನಾವು ಕಾರು ತೊಳೆಯುತ್ತೇವೆಂಬುದನ್ನು ನೆನೆದರೆ ಕೈಯ ಕೊಳವೆ ಜಾರಬೇಕು, ಜಾರುವುದಿಲ್ಲ. ನಮ್ಮ ಬೀದಿಗೆ ಅದು ದಿನ ಬಿಟ್ಟು ದಿನ ಬರುತ್ತದೆ, ಗಂಟೆಯ ನಂಬಿಕೆಯಿಲ್ಲ. ಕೊಳವೆಯಲ್ಲಿ ಮೊದಲು ಒಂದು ನಿಟ್ಟುಸಿರು, ಆಮೇಲೆ ಕೆಮ್ಮು. ಅದನ್ನು ಕೇಳಿದ ಮೊದಲನೆಯ ಮನೆಯವರು "ನೀರು ಬಂತು" ಎಂದು ಕೂಗುವರು, ಕೂಗು ಮನೆಯಿಂದ ಮನೆಗೆ ದಾಟುವುದು. ನಸುಕಿನ ನಾಲ್ಕು ಗಂಟೆಗೆ ಈ ಕೂಗಿನಿಂದ ಎಚ್ಚರವಾದವನು ಗೊಣಗದೆ ಇರಲಾರ. ಕೂಗದಿದ್ದರೆ ಅವನು ಅಂದು ಸ್ನಾನ ಮಾಡಲಾರ.

ಕೂಗಿನ ಮಾತು ಬಂದುದರಿಂದ ನಮ್ಮ ಬೀದಿಯ ಒಂದು ವ್ಯಾಜ್ಯವನ್ನು ಹೇಳಬೇಕು. ಹಿಂದೆ ತರಕಾರಿಯವನೂ ಹಳೆಯ ಕಾಗದದವನೂ ಸ್ವಂತ ಕಂಠದಿಂದ ಕೂಗುತ್ತಿದ್ದರು. ಈಗ ಗಾಡಿಗೆ ಯಂತ್ರವೊಂದನ್ನು ಕಟ್ಟಿ, ಅದೇ ನಾಲ್ಕು ಮಾತುಗಳನ್ನು ನೂರು ಸಲ ಹೇಳಿಸುತ್ತಾರೆ. ಯಂತ್ರಕ್ಕೆ ದಣಿವಿಲ್ಲ, ನೆಗಡಿಯಿಲ್ಲ, ಬಾಣಂತಿಯ ಮನೆಯೆಂಬ ದಾಕ್ಷಿಣ್ಯವಿಲ್ಲ. ೨೦೨೦ರ ಮಾರ್ಚಿಯಲ್ಲಿ ಕೋವಿಡ್ ನಿಮಿತ್ತ ಊರಿಗೆ ಬೀಗ ಬಿದ್ದಾಗ ಈ ಗದ್ದಲವೆಲ್ಲ ನಿಂತು, ಹಿತ್ತಿಲಿನ ಹಕ್ಕಿಗಳ ದನಿ ಕೇಳಿಸಿತು. ಬಹುಕಾಲದಿಂದ ನಾವು ಬೇಡುತ್ತಿದ್ದ ಮೌನ ಅದು. ಒಂದು ವಾರ ಹಿತವಾಗಿತ್ತು. ಎರಡನೆಯ ವಾರದಲ್ಲಿ ಸೊಪ್ಪಿನವಳ ಕೂಗು ಕೇಳಿದಂತಾಗಿ ಜನ ಸುಮ್ಮಸುಮ್ಮನೆ ಗೇಟಿಗೆ ಬಂದು ನಿಲ್ಲುತ್ತಿದ್ದರು. ಆದರೆ ಊರು ತೆರೆದ ಮೇಲೆ ಆ ವಾರದ ನೆನಪು ಯಾರಿಗೂ ಉಳಿಯಲಿಲ್ಲ. ನಿವಾಸಿಗಳ ಸಭೆ ಸೇರಿ, ಬೀದಿಯಲ್ಲಿ ಯಾರೂ ಕೂಗಿ ಮಾರಕೂಡದೆಂಬ ಸೂಚನೆ ಬಂದಿತು. ಬಹುಮತವೂ ಇದ್ದಿತು. ಹೊಸದಾಗಿ ಎದ್ದ ನಾಲ್ಕು ಅಂತಸ್ತಿನ ಮನೆಗಳವರಿಗೆ ಅಂಗಡಿಯ ಸಾಮಾನು ಫೋನಿನಲ್ಲಿ ಹೇಳಿದರೆ ಬಾಗಿಲಿಗೆ ಬರುವುದು. ಅವರಿಗೆ ಕೂಗಿನ ಹಂಗೇನು?

ತೀರ್ಮಾನವನ್ನು ಬರೆದು ಅಂಟಿಸುವುದರೊಳಗೆ ಒಂದು ಸಂಗತಿ ನಡೆಯಿತು. ನಮ್ಮ ಎದುರು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ, ಒಬ್ಬರೇ ಇರುವುದು. ಮಗ ಅಮೆರಿಕದಲ್ಲಿ, ಮಗಳು ಪುಣೆಯಲ್ಲಿ. ಹೂವು ಮಾರುವ ಮುದುಕಿಯೊಬ್ಬಳು ದಿನವೂ ಏಳು ಗಂಟೆಗೆ ಅವರ ಗೇಟಿನಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗುವಳು. ಅಜ್ಜಿಗೆ ಕಿವಿ ಮಂದ. ಅರ್ಧ ಮೊಳ ಮಲ್ಲಿಗೆಗೆ ಕಾಲು ಗಂಟೆ ಚೌಕಾಸಿ. ಈ ಕೂಗೂ ಈ ಚೌಕಾಸಿಯೂ ಸಭೆಯ ದೂರಿನಲ್ಲಿ ಮೊದಲನೆಯ ಸಾಲಿನಲ್ಲಿಯೇ ಇದ್ದುವು. ಆ ದಿನ ಹೂವಿನಾಕೆ ಮೂರು ಸಲ ಕೂಗಿದಳು. ಉತ್ತರವಿಲ್ಲ. ಆಮೇಲೆ ನಮ್ಮ ಬಾಗಿಲನ್ನು ಬಡಿದಳು.

"ಸ್ವಾಮೀ, ಅಜ್ಜಮ್ಮ ಬಾಗ್ಲು ತೆಗೀತಾ ಇಲ್ಲ. ಹಾಲಿನ ಪ್ಯಾಕೆಟ್ಟು ಚೀಲದಾಗೆ ಹಂಗೇ ಐತೆ. ನಂಗ್ಯಾಕೋ ಸರಿ ಕಾಣಲ್ಲ."

ಪಕ್ಕದ ಮನೆಯಲ್ಲಿ ಒಂದು ಬೀಗದ ಕೈ ಇಟ್ಟಿದ್ದರು. ಆ ಮನೆಯಾಕೆಯೇ ಅಜ್ಜಿಯ ಬಳಿಗೆ ಬಂದು ಹೋಗುವವರ ಲೆಕ್ಕವಿಡುವ, ಬೀದಿಯವರೆಲ್ಲ ಸ್ವಲ್ಪ ಅಂಜುವ ಮಹಿಳೆ. ಬಾಗಿಲು ತೆರೆದು ನೋಡಿದರೆ ಅಜ್ಜಿ ಬಚ್ಚಲಿನಲ್ಲಿ ಜಾರಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು, ಎಚ್ಚರವಿತ್ತು. ಬಿದ್ದು ಎರಡು ಗಂಟೆಯಾಗಿತ್ತಂತೆ. ಇನ್ನೂ ಹೆಚ್ಚು ಹೊತ್ತು ಹಾಗೆಯೇ ಇದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ವೈದ್ಯರು ಬಿಡಿಸಿ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮುಂದಿನ ಸಭೆಯಲ್ಲಿ ಯಾರೂ ಭಾಷಣ ಮಾಡಲಿಲ್ಲ. ಹಳೆಯ ತೀರ್ಮಾನದ ಕಾಗದದಲ್ಲಿ ಕಾರ್ಯದರ್ಶಿಯವರು ಒಂದು ಮಾತನ್ನು ಹೊಡೆದುಹಾಕಿ ಒಂದು ಮಾತನ್ನು ಸೇರಿಸಿದರು: ಯಂತ್ರದಿಂದ ಕೂಗಿಸಕೂಡದು, ಬಾಯಿಂದ ಕೂಗುವವರಿಗೆ ಅಡ್ಡಿಯಿಲ್ಲ. ತರಕಾರಿಯ ತರುಣನು ಕಂಠ ಹೋಯಿತೆಂದು ಒಂದು ವಾರ ಮುನಿಸಿಕೊಂಡಿದ್ದು, ಈಗ ರೂಢಿ ಮಾಡಿಕೊಂಡಿದ್ದಾನೆ. ಅವನ ರಾಗ ಚೆನ್ನಾಗಿಲ್ಲ.

ಇದರಿಂದ ಅಜ್ಜಿಯ ಕಷ್ಟ ತೀರಿತೆಂದು ವಾಚಕರು ತಿಳಿಯಬಾರದು. ಇಂಥ ಹಳೆಯ ಮನೆಗಳು ಬೀದಿಗೆ ನಾಲ್ಕೋ ಐದೋ ಉಳಿದಿರಬಹುದು. ಹೆಂಚು ತೆಗೆಸಲು ಆಳು ಸಿಗುವುದಿಲ್ಲ, ನಿವೇಶನದ ಬೆಲೆ ಮಾತ್ರ ಏರುತ್ತಲೇ ಇದೆ. ಮನೆಯನ್ನು ಕಟ್ಟಡದವರಿಗೆ ಒಪ್ಪಿಸಿ, ಅಲ್ಲಿ ಏಳುವ ಫ್ಲ್ಯಾಟುಗಳಲ್ಲಿ ಎರಡನ್ನು ಇಟ್ಟುಕೊಳ್ಳೋಣವೆಂದು ಮಗನು ಬರೆಯುತ್ತಿದ್ದಾನೆ. ಅವನ ಮಾತು ನ್ಯಾಯವಾದದ್ದೇ. ಫ್ಲ್ಯಾಟಿನಲ್ಲಿ ಜಾರದ ನೆಲವಿರುತ್ತದೆ, ಲಿಫ್ಟ್ ಇರುತ್ತದೆ, ಬಾಗಿಲಲ್ಲಿ ಕಾವಲುಗಾರನಿರುತ್ತಾನೆ. ಆ ಕಾವಲುಗಾರನು ಹೂವಿನಾಕೆಯನ್ನು ಒಳಗೆ ಬಿಡುವುದಿಲ್ಲವೆಂಬುದನ್ನು ಅಮೆರಿಕದಲ್ಲಿರುವ ಮಗನಿಗೆ ಹೇಗೆ ಬರೆಯುವುದು? ಬರೆದರೆ ಅದೊಂದು ಕಾರಣವೆಂದು ಅವನಿಗೆ ತೋರುವುದೆ? ನಮ್ಮ ಮನೆಯಾಕೆಯನ್ನು ಕೇಳಿದರೆ, "ಬೀಳುವುದಾದರೆ ಜನರಿರುವ ಕಡೆ ಬೀಳಬೇಕು" ಎನ್ನುತ್ತಾಳೆ. ನನಗೆ ಅಷ್ಟು ಧೈರ್ಯವಾಗಿ ಹೇಳಲು ಬಾರದು. ಬಿದ್ದ ಸೊಂಟ ನಮ್ಮದಲ್ಲ.

ಅಜ್ಜಿ ಆಸ್ಪತ್ರೆಯಿಂದ ಬಂದು, ಈಗ ಕೈಗೋಲು ಹಿಡಿದು ಜಗಲಿಯವರೆಗೆ ನಡೆಯುತ್ತಾರೆ. ಒಪ್ಪಂದದ ಕಾಗದವು ದೇವರ ಮನೆಯ ಗೂಡಿನಲ್ಲಿ ರುಜುವಿಲ್ಲದೆ ಇದೆ. ಹೂವಿನಾಕೆಯು ಗೇಟಿನ ಹೊರಗೆ ನಿಂತು ಕೂಗುವುದನ್ನು ಬಿಟ್ಟು, ಈಗ ನೇರವಾಗಿ ಒಳಗೆ ಬಂದು, ಮಲಗುವ ಕೋಣೆಯ ಕಿಟಕಿಯಲ್ಲಿ ಮುಖವಿಟ್ಟು ಕೂಗುತ್ತಾಳೆ. ಅಜ್ಜಿಗೆ ಇದು ಸ್ವಲ್ಪವೂ ಹಿಡಿಸಿಲ್ಲ. ಯಾರಾದರೂ ಅವಳಿಗೆ ಬುದ್ಧಿ ಹೇಳಬೇಕೆಂದು ನಿನ್ನೆ ನಮ್ಮಲ್ಲಿ ದೂರು ಕೊಟ್ಟರು.