ಗಡ್ಡೆ ಇದ್ದ ಮಾತ್ರಕ್ಕೆ ಗರ್ಭಕೋಶ ತೆಗೆಯಬೇಕೆ?

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಫೈಬ್ರಾಯ್ಡ್’ ಎಂದಿದ್ದರೆ ಸಾಕು, ‘ಮುಂದೆ ಕ್ಯಾನ್ಸರ್ ಆದರೆ?’ ಎಂಬ ಭಯ ಮನೆಮಂದಿಯನ್ನೆಲ್ಲ ಹಿಡಿಯುತ್ತದೆ. ಆ ಭಯಕ್ಕೆ ಆಧಾರ ತೀರಾ ಕಡಿಮೆ. ಗರ್ಭಕೋಶದ ಗೋಡೆಯ ಒಂದೇ ಒಂದು ಸ್ನಾಯುಕೋಶದ ಸಂತತಿ ಬೆಳೆದು ಈ ಗಡ್ಡೆಯಾಗುತ್ತದೆ. ಬಹುಪಾಲು ಗಡ್ಡೆಗಳಲ್ಲಿ ‘ಮೆಡ್12’ ಎಂಬ ಜೀನ್ ಬದಲಾಗಿರುವುದನ್ನು 2011ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ತೋರಿಸಿದರು. ಜೀನ್ ಬದಲಾಯಿತೆಂದರೆ ಕ್ಯಾನ್ಸರ್ ಎಂದಲ್ಲ. ಇದು ಪಕ್ಕದ ಅಂಗಕ್ಕೆ ನುಗ್ಗುವುದಿಲ್ಲ. ಕೊಯ್ದರೆ ಕಾಣುವುದು ಬಿಳಿಚಾದ, ರಬ್ಬರಿನಷ್ಟು ಬಿಗಿಯಾದ, ಸುಳಿಸುಳಿಯಾಗಿ ಸುತ್ತಿಕೊಂಡ ನಾರು. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳೇ ಇದಕ್ಕೆ ಪೋಷಣೆಯಾದ್ದರಿಂದ ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ಎಷ್ಟೋ ಹೆಂಗಸರಿಗೆ ಇದು ಇರುವುದೇ ಗೊತ್ತಾಗುವುದಿಲ್ಲ.

ಹಾಗೆಂದು ಇದು ನಿರುಪದ್ರವಿಯೂ ಅಲ್ಲ. ಗಾತ್ರಕ್ಕಿಂತ ಜಾಗ ಮುಖ್ಯ: ಹೊರಮೈಗೆ ಅಂಟಿದ ದೊಡ್ಡ ಗಡ್ಡೆ ಸುಮ್ಮನಿರಬಹುದು, ಒಳಪದರಕ್ಕೆ ಚಾಚಿಕೊಂಡ ದ್ರಾಕ್ಷಿ ಗಾತ್ರದ್ದು ತಿಂಗಳು ತಿಂಗಳೂ ಹೆಪ್ಪುಹೆಪ್ಪಾಗಿ ರಕ್ತ ಹರಿಸಬಹುದು. ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ; ಅಂಥವರಿಗೆ ಈ ಸ್ರಾವ ಸಣ್ಣ ಮಾತಲ್ಲ. ‘ಮುಟ್ಟೆಂದರೆ ಹಾಗೇ’ ಎಂದು ಸಹಿಸಿಕೊಳ್ಳುವುದೂ ತಪ್ಪೇ.

ಮಕ್ಕಳಾದ ಮೇಲೆ ಗರ್ಭಕೋಶ ಏಕೆ, ಒಮ್ಮೆ ತೆಗೆಸಿದರೆ ಮತ್ತೆ ಮತ್ತೆ ಆಸ್ಪತ್ರೆಗೆ ಅಲೆಯುವುದು ತಪ್ಪುತ್ತದಲ್ಲ ಎಂಬ ವಾದವಿದೆ. ಕೂಲಿ ಬಿಟ್ಟು ಬರಬೇಕಾದವರ ಬಾಯಲ್ಲಿ ಅದಕ್ಕೆ ತೂಕವಿದೆ; ಮಿಕ್ಕ ಚಿಕಿತ್ಸೆ ಫಲಿಸದವರಿಗೆ ಅದೇ ಸರಿಯಾದ ದಾರಿಯೂ ಹೌದು. ಆದರೆ ಮೂವತ್ತರ ಆಸುಪಾಸಿನಲ್ಲಿ ಅಂಡಾಶಯವನ್ನೂ ಸೇರಿಸಿ ತೆಗೆದರೆ ಮೂಳೆ ಸವೆತ, ಹೃದ್ರೋಗದ ಅಪಾಯ ಬೇಗ ಎದುರಾಗುತ್ತದೆ. ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ಕಾಲದ ಲಕ್ಷಣಗಳು ಮುಂಚೆಯೇ ಬರಬಹುದು. ಕಲಬುರಗಿಯ ತಾಂಡಾಗಳಲ್ಲಿ ಎಳೆ ವಯಸ್ಸಿನವರಿಗೂ ಕ್ಯಾನ್ಸರ್ ಭಯ ಹುಟ್ಟಿಸಿ ಗರ್ಭಕೋಶ ತೆಗೆದ ದೂರುಗಳನ್ನು ಈ ರಾಜ್ಯ ಕಂಡಿದೆ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಪಾಲಿಸುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು. ಸ್ರಾವ ತಗ್ಗಿಸುವ ಮಾತ್ರೆ, ಹಾರ್ಮೋನುಳ್ಳ ವಂಕಿ, ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್ – ಇವುಗಳ ಮಾತೇ ಎತ್ತದೆ ನೇರ ಗರ್ಭಕೋಶಕ್ಕೆ ಕೈಹಾಕುವುದು ವೈದ್ಯಕೀಯವಲ್ಲ, ಅವಸರ. ಮುಟ್ಟು ನಿಂತ ಮೇಲೂ ಬೆಳೆಯುವ ಗಡ್ಡೆಯದು ಬೇರೆ ಲೆಕ್ಕ. ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಅದನ್ನು ತಡಮಾಡದೆ ಪರೀಕ್ಷಿಸಬೇಕು.